ಕ್ಷೀರಸಾಗರ ಭಟ್ಟರ ಊರಲ್ಲಿ ಹೊಳೆದಂಡೆಯ ನಡಿಗೆ

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ಕಟ್ಟಿದವರು ಪೋರ್ಚುಗಲ್ ನೋಡಿರಲಿಕ್ಕಿಲ್ಲ. ನೋಡಿದ್ದರೆ ಪಾಪದ ಭಟ್ಟರನ್ನು ಬಿಟ್ಟು ಪೋರ್ಟೊ ನಗರವನ್ನೇ ಹಿಡಿದುಕೊಳ್ಳುತ್ತಿದ್ದರು. ಪೋರ್ಟೊ ಎಂದರೆ ಬಂದರು. ಇಡೀ ದೇಶಕ್ಕೆ ಹೆಸರು ಬಂದದ್ದೇ ಇಲ್ಲಿಂದ; ರೋಮನ್ನರ ಪೋರ್ಟುಸ್ ಕಾಲೆ ಜನರ ಬಾಯಲ್ಲಿ ಸವೆದು ಪೋರ್ಚುಗಲ್ ಆಯಿತು. ಆದರೆ ಬಂದರೆಲ್ಲಿ ಎಂದು ಕೇಳಿ ನೋಡಿ, ಲೆಯಿಷೊಯ್ಸ್ ಕಡೆ ಕೈ ತೋರಿಸುತ್ತಾರೆ. ಅದು ಪಕ್ಕದ ಮಾತೊಸಿನ್ಯೊಸ್ ಪುರಸಭೆಯದು. ಪೋರ್ಟ್ ವೈನ್? ಹೊಳೆಯಾಚೆ ವಿಲಾ ನೋವಾ ದ ಗಾಯಾದಲ್ಲಿ. ಅದೂ ಬೇರೆ ಪುರಸಭೆ. ವಿಮಾನ ನಿಲ್ದಾಣ? ಅದೂ ಗಡಿಯಾಚೆ. ಹೋಗಲಿ, ಊರು ಚೆಂದ ಕಾಣುವ ಜಾಗ? ಅದಕ್ಕೂ ಗಾಯಾಗೇ ಹೋಗಬೇಕು. ಪೋರ್ಟೊದ ಪಾಲಿಗೆ ಉಳಿದಿರುವುದು ಏರು, ಇಳಿಜಾರು, ಮತ್ತು 'ಹೊಳೆದಂಡೆಯಲ್ಲಿ ನಿರಾಳವಾಗಿ ಅಡ್ಡಾಡಿ' ಎಂಬ ಸಲಹೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಬರುತ್ತಾಳೆ. ತೊಂದರೆಯೆಂದರೆ ಇಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ. ಡೌರೊ ನದಿಯ ರಿಬೇರಾ ದಂಡೆ ಸೇರಿದ ಹಳೇ ಪೇಟೆ 1996ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿನ ಪೂರ್ತಿ ಹೆಸರಿನೊಳಗೆ ಸೆರ್ರಾ ದು ಪಿಲಾರ್ ಮಠವೂ ಇದೆ. ಆ ಮಠ ಇರುವುದು, ನೀವು ಊಹಿಸಿದಂತೆ, ಗಾಯಾದಲ್ಲಿ.

ನಿರಾಳ ನಡಿಗೆಗೆ ಮೊದಲು ಬೇಕಾದದ್ದು ರಬ್ಬರ್ ಅಡಿಯ ಬೂಟು. ಓಣಿಗಳಿಗೆ ಹಾಸಿರುವುದು ಸಣ್ಣ ಸಣ್ಣ ಗ್ರಾನೈಟ್ ಕಲ್ಲು, ಕಾಲು ಚಕ್ರ ಎಲ್ಲ ಉಜ್ಜಿ ನುಣುಪಾದದ್ದು. ಅಟ್ಲಾಂಟಿಕ್ ಮಳೆ ಒಂದು ಸಲ ಬಿದ್ದರೆ ಸಾಕು, ಪಾಚಿಗಟ್ಟಿದ ಬಚ್ಚಲಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಬೀಳುವುದು ಹತ್ತುವಾಗಲ್ಲ, ಇಳಿಯುವಾಗ, ಅದರಲ್ಲೂ ಫೋನು ಮೇಲೆತ್ತಿರುವಾಗ. ಚಕ್ರದ ಸೂಟ್‌ಕೇಸು ಎಳೆದವರಿಗೆ ಇನ್ನೊಂದು ಪಾಠ ಕಾದಿರುತ್ತದೆ: ಸಣ್ಣ ಚಕ್ರ ಕಲ್ಲಿನ ಸಂದಿಗೆ ಸಿಕ್ಕಿದ ಕೂಡಲೇ ಅದರ ಅಚ್ಚು ಓರೆಯಾಗುತ್ತದೆ, ಮೂರನೇ ಓಣಿಗೆ ಬರುವಷ್ಟರಲ್ಲಿ ಪೆಟ್ಟಿಗೆ ಹೆಗಲೇರಿರುತ್ತದೆ.

ಇನ್ನು ಸೇತುವೆ. ಮಾರ್ಗದರ್ಶಿಗಳಲ್ಲಿ ಕೆಲವರು ಇದನ್ನು ಐಫೆಲ್ ಸೇತುವೆ ಎಂದು ಈಗಲೂ ಮಾರುತ್ತಾರೆ. ದೋಂ ಲೂಯಿಸ್ ಸೇತುವೆಯ ವಿನ್ಯಾಸ ಐಫೆಲ್‌ನ ಮಾಜಿ ಪಾಲುದಾರ ಥಿಯೋಫಿಲ್ ಸೇರಿಗ್‌ನದು. ಐಫೆಲ್ ಕಂಪನಿ ಕಟ್ಟಿದ್ದು ಮೇಲ್ಗಡೆ ಹರಿವಿನಲ್ಲಿರುವ ಮರಿಯಾ ಪಿಯಾ ರೈಲು ಸೇತುವೆಯನ್ನು, 1877ರಲ್ಲಿ. ಅದರ ಮೇಲೆ 1991ರಿಂದ ರೈಲು ಓಡಿಲ್ಲ. ಅಂದರೆ ಐಫೆಲ್ ಹೆಸರು ಒಂದು ಸೇತುವೆಯ ಮೇಲೆ, ಕೆಲಸ ಇನ್ನೊಂದರ ಮೇಲೆ. ಭಟ್ಟರ ಮನೆತನ ದೊಡ್ಡದು.

1886ರ ಈ ಸೇತುವೆಗೆ ಎರಡು ಅಂತಸ್ತು, ಕಮಾನಿನ ಅಗಲ 172 ಮೀಟರ್. ಮೇಲಂತಸ್ತಿನಲ್ಲಿ ಮೆಟ್ರೊ ಓಡುತ್ತದೆ, ಅದೇ ಜಾಗದಲ್ಲಿ ಜನರೂ ನಡೆಯುತ್ತಾರೆ, ನಡುವೆ ಬೇಲಿಯಿಲ್ಲ. ಮೆಟ್ರೊ ಗಂಟೆ ಬಾರಿಸುತ್ತಾ ತೇರಿನ ಹಾಗೆ ಬರುತ್ತದೆ. ಜನ ತೇರಿಗೆ ಸರಿದಂತೆ ಸರಿಯುತ್ತಾರೆ, ಹಣ್ಣು ಜವನ ಎಸೆಯುವುದೊಂದೇ ಬಾಕಿ. ಕೆಳಗಿನ ಅಂತಸ್ತು ದುರಸ್ತಿ ಮುಗಿದು 2023ರಲ್ಲಿ ತೆರೆದಾಗ ಖಾಸಗಿ ಕಾರುಗಳನ್ನು ಕೈಬಿಟ್ಟರು. ಈಗ ಬಸ್ಸು, ಟ್ಯಾಕ್ಸಿ, ಸೈಕಲ್ ಮತ್ತು ನೀವು.

ಮಂಡಿಯ ಮೇಲೆ ಕನಿಕರವಿದ್ದರೆ ಒಂದು ಕ್ರಮವಿದೆ. ಮೇಲಿನ ಕೆಥೆಡ್ರಲ್ ಬಳಿ ಶುರು ಮಾಡಿ, ಮೇಲಂತಸ್ತಿನಿಂದ ಗಾಯಾಗೆ ದಾಟಿ, ಮೊರ್ರೊ ಉದ್ಯಾನದಿಂದ ದಂಡೆಗಿಳಿದು, ಕೆಳಗಿನ ಅಂತಸ್ತಿನಿಂದ ರಿಬೇರಾಗೆ ಮರಳಿ. ಪೂರ್ತಿ ಇಳಿಜಾರು. ಆದರೆ ಬಹುಪಾಲು ಜನ ಉಲ್ಟಾ ಹೋಗುತ್ತಾರೆ, ಏಕೆಂದರೆ ರೂಮು ಹೊಳೆಪಕ್ಕ ಹಿಡಿದಿರುತ್ತಾರೆ. ಅಂಥವರಿಗಾಗಿ ಈ ದಡದಲ್ಲಿ ಗಿಂದೈಸ್ ಫ್ಯೂನಿಕುಲರ್, ಅಂದರೆ ಹಗ್ಗ ಎಳೆಯುವ ಇಳಿಜಾರು ರೈಲು, ಇದೆ, ಆ ದಡದಲ್ಲಿ 600 ಮೀಟರಿನ ಕೇಬಲ್ ಕಾರ್ ಇದೆ. ನಿರಾಳ ನಡಿಗೆಯಲ್ಲಿ ನಡಿಗೆ ತಪ್ಪಿಸಿಕೊಳ್ಳುವುದಕ್ಕೇ ಹೆಚ್ಚು ಖರ್ಚು.

ಗಾಯಾ ದಂಡೆಯ ತುಂಬ ವೈನ್ ಉಗ್ರಾಣಗಳು. ಪೋರ್ಟ್ ವೈನ್ ಪೋರ್ಟೊ ಬಿಟ್ಟು ಇಲ್ಲಿಗೇಕೆ ಬಂತು ಎಂಬುದಕ್ಕೆ ಒಂದು ಕಾರಣ ಬಿಸಿಲು. ಗಾಯಾ ಗುಡ್ಡ ಉತ್ತರಕ್ಕೆ ಮುಖ ಮಾಡಿದೆ, ಅಲ್ಲಿ ತಂಪು. ರಿಬೇರಾ ದಕ್ಷಿಣಕ್ಕೆ ಮುಖ ಮಾಡಿ ದಿನವಿಡೀ ಒಣಗುತ್ತದೆ. ವೈನಿಗೆ ನೆರಳು, ಫೋಟೊಗೆ ಬಿಸಿಲು. ದ್ರಾಕ್ಷಿ ಬೆಳೆಯುವುದೂ ಈ ಊರಲ್ಲಲ್ಲ, ನೂರು ಕಿಲೋಮೀಟರ್ ಮೇಲ್ಗಡೆ, 1756ರಲ್ಲಿ ಅಂದಿನ ಮಂತ್ರಿ ಪೊಂಬಾಲ್ ಗಡಿ ಹಾಕಿಕೊಟ್ಟ ಡೌರೊ ಕಣಿವೆಯಲ್ಲಿ. ಅಲ್ಲಿ ಎರಡು ಮೂರು ದಿನ ಹುಳಿಬಂದ ರಸಕ್ಕೆ 77 ಶೇಕಡಾ ತೀಕ್ಷ್ಣತೆಯ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಲೆಕ್ಕ ಸರಳ: 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ, ಒಟ್ಟು 550 ಲೀಟರಿನ ಒಂದು ಪೀಪಾಯಿ. ಹುದುಗು ಸಾಯುತ್ತದೆ, ಸಿಹಿ ಉಳಿಯುತ್ತದೆ, ಅಮಲು 20 ಶೇಕಡಾ ಆಸುಪಾಸು ನಿಲ್ಲುತ್ತದೆ. ರುಚಿ ನೋಡಲು ಸಾಮಾನ್ಯವಾಗಿ ಮೂರು ಲೋಟ ಕೊಡುತ್ತಾರೆ. ಸಾಧಾರಣ ವೈನಿನ ಲೆಕ್ಕದಲ್ಲಿ ಗುಟುಕರಿಸಿದವರು ಹೊರಗೆ ಬಂದಾಗ ಎದುರಿಗೆ ಅದೇ ನುಣುಪು ಗ್ರಾನೈಟು. ಬಾಟಲಿ ಮೇಲಿನ '20 ವರ್ಷ'ವನ್ನೂ ಜಾತಕದಂತೆ ಓದಬಾರದು. ಅದು ಹಲವು ವಯಸ್ಸಿನ ವೈನುಗಳನ್ನು ಬೆರೆಸಿ ಹಿಡಿದ ರುಚಿ.

ಉಗ್ರಾಣದ ಮುಂದೆ ಕಟ್ಟಿರುವ ಚಪ್ಪಟೆ ತಳದ ರಬೇಲೊ ದೋಣಿಗಳ ಮೇಲೆ ಪೀಪಾಯಿಗಳಿವೆ. ಒಂದರಲ್ಲೂ ವೈನಿಲ್ಲ. ರೈಲು, ಲಾರಿ ಬಂದು, ನದಿಗೆ ಅಣೆಕಟ್ಟು ಬಿದ್ದ ಮೇಲೆ ದೋಣಿಗೆ ಕೆಲಸ ಹೋಯಿತು. ವೈನು ಟ್ಯಾಂಕರಿನಲ್ಲಿ ಬರುತ್ತದೆ. ದೋಣಿ ಈಗ ಕಂಪನಿಗಳ ಜಾಹೀರಾತು ಫಲಕ. ವರ್ಷಕ್ಕೊಮ್ಮೆ ಜೂನ್ 24ರಂದು, ಸಾಂ ಜುವಾಂವ್ ಹಬ್ಬಕ್ಕೆ, ಹಾಯಿ ಬಿಚ್ಚಿ ಪಂದ್ಯ ಓಡುತ್ತವೆ. ಹಿಂದಿನ ರಾತ್ರಿ ಊರ ಜನ ಬೀದಿಯಲ್ಲಿ ಸಿಕ್ಕಸಿಕ್ಕವರ ತಲೆಗೆ ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಕುಟ್ಟುವ ಪದ್ಧತಿಯಿದೆ. ಅದೊಂದಕ್ಕೆ ಇನ್ನೂ ಶುಲ್ಕ ಇಟ್ಟಿಲ್ಲ.

ದಂಡೆಯ ಹೋಟೆಲಿನಲ್ಲಿ ಕುಳಿತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್, ಬೆಣ್ಣೆ ಬಂದು ಮೇಜಿನ ಮೇಲೆ ಕೂರುತ್ತವೆ. ಆ 'ಮೇಜು' ಇವರದೇ ಪದ, ಬ್ರೆಡ್ಡಿಗೆ ಇವರು ಅನ್ನುವ 'ಪಾಂವ್' ನಮ್ಮ ಪಾವ್ ಭಾಜಿಯ ಪಾವ್. ನೆಂಟಸ್ತಿಕೆ ನೆನೆದು ಕೈ ಹಾಕಿದಿರೋ, ಬಿಲ್ಲಿಗೆ ಬಂತು. ಕೇಳದೆ ತಂದಿಟ್ಟು ನೀವು ಮುಟ್ಟದ ತಿನಿಸಿಗೆ ದುಡ್ಡು ಕೇಳುವಂತಿಲ್ಲ ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ತಟ್ಟೆಯನ್ನು ಮುಟ್ಟುವ ಮೊದಲೇ ವಾಪಸು ಕಳಿಸಿ. ಅಂಗಡಿಯಲ್ಲಿ ನೀವು ಹುಟ್ಟಿದ ಇಸವಿ ಅಚ್ಚಾದ ಮೀನಿನ ಡಬ್ಬಿ ಸಿಗುತ್ತದೆ. ಒಳಗಿನದು ನಮ್ಮ ಕರಾವಳಿಯ ಬೂತಾಯಿಯ ದಾಯಾದಿ. ಅದಕ್ಕೆ ನಿಮ್ಮಷ್ಟು ವಯಸ್ಸಾಗಿಲ್ಲ.

ಕೆಳಗಿನ ಅಂತಸ್ತಿನ ರಿಬೇರಾ ಕೊನೆಗೆ ಹತ್ತಿರ ಗೋಡೆಯಲ್ಲೊಂದು ಕಂಚಿನ ಫಲಕ, ಮುಂದೆ ಮೇಣದಬತ್ತಿ. 1809ರ ಮಾರ್ಚ್ 29ರಂದು ಫ್ರೆಂಚ್ ಸೇನೆಗೆ ಹೆದರಿ ಓಡಿದ ಜನ ದೋಣಿ ಜೋಡಿಸಿ ಕಟ್ಟಿದ್ದ ಸೇತುವೆಯಲ್ಲಿ ಮುಳುಗಿ ಸತ್ತ ಜಾಗ. ಟಿಕೆಟ್ಟಿಲ್ಲ, ಹಾಗಾಗಿ ನಿಲ್ಲುವವರೂ ಕಡಿಮೆ.

ಇಲ್ಲಿಂದ ಸಮುದ್ರಕ್ಕೆ, ಫೋಸ್‌ನ ದೀಪಸ್ತಂಭದವರೆಗೆ, ಐದಾರು ಕಿಲೋಮೀಟರ್. ಇಡೀ ದಾರಿಯಲ್ಲಿ ನಿಜಕ್ಕೂ ನಿರಾಳವಾದ, ಸಮತಟ್ಟಾದ ತುಂಡು ಇದೊಂದೇ. ಆದ್ದರಿಂದ ಜನ ಇಲ್ಲಿ ನಡೆಯುವುದಿಲ್ಲ. ಹಳೇ ಕಾಲದ ಟ್ರಾಮಿಗೆ ಸಾಲು ನಿಲ್ಲುತ್ತಾರೆ. ಅದೇ ದಂಡೆಯಲ್ಲಿ 500 ನಂಬರಿನ ಸಿಟಿ ಬಸ್ಸು ಅರ್ಧಕ್ಕಿಂತ ಕಡಿಮೆ ದುಡ್ಡಿಗೆ ಹೋಗುತ್ತದೆ.

ಹಿಂದಿರುಗುವಾಗ ಬಾಗಿಲುಗಳನ್ನು ನೋಡಿ. ಪ್ರವಾಸಿ ಬಾಡಿಗೆಮನೆ ಎಂದು ಸೂಚಿಸುವ ಎರಡಕ್ಷರದ ಫಲಕ, ಅದರ ಕೆಳಗೆ ನಂಬರ್ ಒತ್ತಿ ತೆರೆಯುವ ಪುಟ್ಟ ಡಬ್ಬಿ, ಅದರೊಳಗೆ ಚಾವಿ. ಚಾವಿ ಎಂಬ ಪದವೂ ಇವರು ಕೊಟ್ಟದ್ದೇ. ಈಗ ಯಾರು ಬಂದರೂ ಕೊಡುತ್ತಾರೆ. 1981ರಲ್ಲಿ ಪೋರ್ಟೊದಲ್ಲಿ 3.27 ಲಕ್ಷ ಜನರಿದ್ದರು, 2021ರಲ್ಲಿ ಸುಮಾರು 2.3 ಲಕ್ಷ. ಗಾಯಾದಲ್ಲಿ ಈಗ 3 ಲಕ್ಷ. ಬಂದರು, ವೈನು, ನೋಟ ಎಲ್ಲ ಹೊರಗೆ ಹೋದ ಮೇಲೆ ಜನ ಮಾತ್ರ ಒಳಗಿದ್ದು ಮಾಡುವುದೇನು? ನಗರಸಭೆಯೂ ಸುಮ್ಮನೆ ಕೂತಿಲ್ಲ. ಪ್ರವಾಸಿಗಳ ತಲೆಗೆ ರಾತ್ರಿಗೆ 2 ಯೂರೊ ಇದ್ದ ತೆರಿಗೆಯನ್ನು 2024ರ ಕೊನೆಯಲ್ಲಿ 3 ಯೂರೊ ಮಾಡಿತು. ಏಳು ರಾತ್ರಿ ದಾಟಿದರೆ ಮಾಫಿ.

ರಿಬೇರಾದಲ್ಲಿ ಎಲ್ಲರೂ ತೆಗೆಯುವ ಚಿತ್ರ ಒಂದಿದೆ: ಬಣ್ಣದ ಮನೆ, ಕಬ್ಬಿಣದ ಕಟಕಟೆ, ಒಣಹಾಕಿದ ಬಟ್ಟೆ. ಬಾಡಿಗೆಮನೆಯ ಅತಿಥಿಗಳು ಬಟ್ಟೆ ಒಗೆಯುವುದು ಅಪರೂಪ, ಆದ್ದರಿಂದ ಈ ಚಿತ್ರಕ್ಕೆ ನಿಜವಾದ ನಿವಾಸಿಯೇ ಬೇಕು. ಮಧ್ಯಾಹ್ನದೊಳಗೆ ಹೋಗಿ. ಹೊಳೆಯಿಂದ ತಂಪು ಏಳುವ ಮೊದಲೇ ಮೇಲಿನ ಮಹಡಿಯ ಅಜ್ಜಿ ಅದನ್ನೂ ಒಳಗೆಳೆದುಕೊಳ್ಳುತ್ತಾರೆ.