ಮೂಳೆ ಮುರಿದಿಲ್ಲ, ಆದರೂ ಕೈ ಏಳುತ್ತಿಲ್ಲ

ಹೋದ ತಿಂಗಳು ಇಪ್ಪತ್ತಮೂರರ ಹುಡುಗನೊಬ್ಬ ನಮ್ಮ ಫಿಸಿಯೋಥೆರಪಿ ಕೋಣೆಗೆ ಬಂದು ಕುಳಿತವನು, ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ, ಯಾರದೋ ಸಾಮಾನನ್ನು ಇಟ್ಟ ಹಾಗೆ ಮೇಜಿನ ಮೇಲಿಟ್ಟ. ಬೈಕಿನಿಂದ ಬಿದ್ದು ಹದಿನಾಲ್ಕು ತಿಂಗಳಾಗಿತ್ತು. "ಎಕ್ಸ್‌ರೇನಲ್ಲಿ ಏನೂ ಇಲ್ಲ ಮೇಡಂ, ನರ ಸ್ವಲ್ಪ ಜಗ್ಗಿದೆ, ತಾನಾಗೇ ಸರಿಹೋಗುತ್ತೆ ಅಂದ್ರು, ಕಾದ್ವಿ" ಎಂದರು ಅವನ ತಾಯಿ. ಈ ಕಾಯುವಿಕೆಯ ಬಗ್ಗೆಯೇ ನನ್ನ ತಕರಾರು.

ನಮ್ಮ ಮಾತಿನಲ್ಲಿ 'ನರ' ಎಂಬುದು ಬಹಳ ಹೊರೆ ಹೊತ್ತ ಪದ. ಡ್ರಿಪ್ ಹಾಕಲು ನರ್ಸ್ ಹುಡುಕುವುದೂ ನರ, ಮಲಗಿ ಎದ್ದಾಗ ಕತ್ತಿನಲ್ಲಿ ಹಿಡಿದುಕೊಳ್ಳುವುದೂ ನರ, ಮೊಣಕೈ ಬಾಗಿಲಿಗೆ ಬಡಿದಾಗ ಕಿರುಬೆರಳಿನ ತುದಿಯವರೆಗೆ ಜುಂ ಎನ್ನುವುದೂ ನರ. ಮೊದಲನೆಯದು ರಕ್ತನಾಳ, ಎರಡನೆಯದು ಬಹುತೇಕ ಸ್ನಾಯು. ಮೂರನೆಯದು ಮಾತ್ರ ನಿಜವಾದ ನರ. ಹಿಡಿದುಕೊಂಡ ಕತ್ತು ನಾಲ್ಕು ದಿನದಲ್ಲಿ ಬಿಡುತ್ತದೆಂಬ ಅನುಭವವನ್ನೇ ಹರಿದ ನರಕ್ಕೂ ಅನ್ವಯಿಸಿಬಿಡುತ್ತೇವೆ.

ಕೈಯನ್ನು ಆಡಿಸುವ ನರಗಳು ಹುಟ್ಟುವುದು ಕತ್ತಿನಲ್ಲಿ. ಬೆನ್ನುಹುರಿಯಿಂದ ಹೊರಡುವ ಐದು ಬೇರುಗಳು ಕತ್ತಿನ ಬುಡದಲ್ಲಿ ಮೂರು ಕಾಂಡಗಳಾಗಿ ಕೂಡಿ, ಕಾಲರ್ ಬೋನ್ ಹಿಂದೆ ಕವಲೊಡೆದು, ಕಂಕುಳಲ್ಲಿ ಮೂರು ಹುರಿಗಳಾಗಿ ಹೆಣೆದುಕೊಂಡು, ಐದು ಮುಖ್ಯ ನರಗಳಾಗಿ ತೋಳಿಗೆ ಇಳಿಯುತ್ತವೆ. ಈ ಜಾಲಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಎಂದು ಹೆಸರು. ಬೈಕಿನಿಂದ ಬಿದ್ದವನ ಭುಜ ನೆಲಕ್ಕೆ ಬಡಿದು ಕೆಳಕ್ಕೂ, ತಲೆ ಅದರ ವಿರುದ್ಧ ದಿಕ್ಕಿಗೂ ಹೋದಾಗ ನಡುವೆ ಜಗ್ಗಿಸಿಕೊಳ್ಳುವುದು ಇದೇ. ಹೆಲ್ಮೆಟ್ ತಲೆಯನ್ನು ಉಳಿಸುತ್ತದೆ. ಈ ಎಳೆತವನ್ನು ಅದು ತಡೆಯಲಾರದು.

ಮೇಲಿನ ಬೇರುಗಳು ಕೆಟ್ಟರೆ ಭುಜ ಏಳುವುದಿಲ್ಲ, ಮೊಣಕೈ ಮಡಚುವುದಿಲ್ಲ, ಆದರೆ ಬೆರಳುಗಳು ಆಡುತ್ತಿರುತ್ತವೆ. 'ಬೆರಳು ಆಡ್ತಾ ಇದೆಯಲ್ಲ' ಎಂಬ ಸಮಾಧಾನಕ್ಕೆ ಅಲ್ಲಿ ಆಧಾರವಿಲ್ಲ. ಕೆಳಗಿನ ಬೇರುಗಳಾದರೆ ಹಸ್ತ ಸೋಲುತ್ತದೆ. ಅದರ ಜೊತೆಗೆ ಅದೇ ಬದಿಯ ಕಣ್ಣಿನ ರೆಪ್ಪೆ ಜೋತುಬಿದ್ದು ಪಾಪೆ ಕಿರಿದಾಗಿದ್ದರೆ, ಬೇರು ಬೆನ್ನುಹುರಿಯಿಂದಲೇ ಕಿತ್ತುಬಂದಿರುವ ಸಂಭವ ಹೆಚ್ಚು. ಏಕೆಂದರೆ ಕಣ್ಣಿಗೆ ಹೋಗುವ ಕೆಲವು ತಂತುಗಳು ಹೊರಬೀಳುವುದು ಆ ಕೊನೆಯ ಬೇರಿನ ಜೊತೆಯಲ್ಲಿ.

ನರದ ಪೆಟ್ಟಿನಲ್ಲಿ ಮೂರು ದರ್ಜೆಗಳನ್ನು ಬ್ರಿಟಿಷ್ ಶಸ್ತ್ರವೈದ್ಯ ಸೆಡನ್ 1943ರಲ್ಲೇ ಗುರುತಿಸಿದ್ದರು. ಬರೀ ಮಂಕಾದ ನರ ಕೆಲವು ವಾರಗಳಲ್ಲಿ ಎಚ್ಚರಗೊಳ್ಳುತ್ತದೆ. ಹೊರಕವಚ ಉಳಿದು ಒಳಗಿನ ತಂತು ತುಂಡಾಗಿದ್ದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತದೆ. ಪೂರ್ತಿ ಕಡಿದದ್ದು ಶಸ್ತ್ರಚಿಕಿತ್ಸೆಯಿಲ್ಲದೆ ಕೂಡುವುದಿಲ್ಲ. ಮೊದಲ ದಿನ ನೋಡಿದರೆ ಮೂರೂ ಒಂದೇ ಥರ ನಿಸ್ತೇಜ ಕೈ. ಎಕ್ಸ್‌ರೇಗೆ ನರ ಕಾಣುವುದೇ ಇಲ್ಲ. ಇತ್ತ, ನರವಿಲ್ಲದ ಸ್ನಾಯು ಹನ್ನೆರಡರಿಂದ ಹದಿನೆಂಟು ತಿಂಗಳಾಗುವಷ್ಟರಲ್ಲಿ, ನರ ಬಂದು ತಲುಪಿದರೂ ಅದನ್ನು ಸ್ವೀಕರಿಸಲಾರದಷ್ಟು ಬಡವಾಗಿರುತ್ತದೆ. ದಿನಕ್ಕೆ ಒಂದು ಮಿಲಿಮೀಟರ್ ನಡೆಯುವವನಿಗೆ ಇಷ್ಟೇ ಗಡುವು.

ಆದ್ದರಿಂದಲೇ ಮೂರ್ನಾಲ್ಕು ವಾರಕ್ಕೆ, ಸ್ನಾಯುವಿಗೆ ನರದ ಸಂಕೇತ ತಲುಪುತ್ತಿದೆಯೇ ಎಂದು ನೋಡುವ ಇಎಂಜಿ ಪರೀಕ್ಷೆ ಆಗಬೇಕು, ಮೂರು ತಿಂಗಳಾದರೂ ಚಲನೆಯ ಸುಳಿವಿಲ್ಲದಿದ್ದರೆ ನರದ ಶಸ್ತ್ರಚಿಕಿತ್ಸೆ ಮಾಡುವವರನ್ನು ಕಾಣಬೇಕು, ಆರು ತಿಂಗಳೊಳಗೆ ಆಪರೇಷನ್ ಆದರೆ ಒಳ್ಳೆಯದು ಎನ್ನುವುದು. ಬೇರು ಕಿತ್ತಿದ್ದರೂ ದಾರಿಯಿದೆ: ಕೆಲಸ ಮಾಡುತ್ತಿರುವ ನರದಿಂದ ಒಂದೆಳೆ ಸಾಲ ತೆಗೆದು, ಮೊಣಕೈ ಮಡಚುವ ಬೈಸೆಪ್ಸ್ ಸ್ನಾಯುವಿನ ನರಕ್ಕೆ ಜೋಡಿಸುತ್ತಾರೆ. ಪಕ್ಕೆಲುಬುಗಳ ನಡುವಿನ ನರವನ್ನು ಹಾಗೆ ಜೋಡಿಸಿಕೊಂಡವರಿಗೆ ಮೊದಮೊದಲು ದೀರ್ಘ ಉಸಿರೆಳೆದಾಗ ಮಾತ್ರ ಮೊಣಕೈ ಮಡಚುತ್ತದೆ. ಉಸಿರಿನಿಂದ ಕೈಯನ್ನು ಬಿಡಿಸಿಕೊಳ್ಳುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕಾಗುತ್ತದೆ.

ಆ ಹುಡುಗನಿಗೆ ಈಗ ಬಹುಶಃ ತೊಡೆಯ ಸ್ನಾಯುವೊಂದನ್ನು ತೋಳಿಗೆ ಕಸಿ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಯೇ ಉಳಿದಿರುವುದು. ಪತ್ರ ಬರೆದುಕೊಟ್ಟಿದ್ದೇನೆ. ಹೊರಡುವಾಗ ಅವನು ಅಂಗಿಯ ತೋಳನ್ನು ಮೊದಲು ಎಡಗೈಗೆ ತೂರಿಸಿ, ಆಮೇಲೆ ಬಲಗೈ ಹಾಕಿಕೊಂಡ. ನಾವು ಹೇಳಿಕೊಡುವುದೂ ಅದನ್ನೇ. ಅವನು ಮನೆಯಲ್ಲೇ ಕಲಿತಿದ್ದ.