ಹಾಳೂರಿಗೆ ಉಳಿದವನೇ ಚಾಂಪಿಯನ್

ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್‌ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಲೀಗಿನಲ್ಲಿ ಪ್ಲೇಆಫ್, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ನಾಕೌಟ್ ಹಂತ, ಸೇರಲು ಚೆನ್ನಾಗಿ ಆಡಲೇಬೇಕು ಅಂತೇನಿಲ್ಲ. ಅಕ್ಕಪಕ್ಕದವರು ನಿಮಗಿಂತ ಕೆಟ್ಟದಾಗಿ ಆಡಿದರೂ ಸಾಕು. 32 ತಂಡಗಳನ್ನು ನಾಲ್ಕು ನಾಲ್ಕರಂತೆ ಎಂಟು ಡಿವಿಷನ್ ಮಾಡಿದ್ದಾರೆ. ಆ ನಾಲ್ವರಲ್ಲಿ ಮೊದಲು ಬಂದವರಿಗೆ ಪ್ಲೇಆಫ್ ಖಾತ್ರಿ. ಮೊದಲ ಪಂದ್ಯವೂ ತವರಿನಲ್ಲೇ. ಹೆಚ್ಚು ಗೆದ್ದೂ ಮೊದಲು ಬಾರದ ಕೆಲವರಿಗೂ ಜಾಗ ಸಿಗುತ್ತೆ, ಆದರೆ ಅವರು ಮೊದಲ ಪಂದ್ಯಕ್ಕೆ ಎದುರಾಳಿಯ ಊರಿಗೆ ಹೋಗಬೇಕು.

2010ರ ಸಿಯಾಟಲ್ ಸೀಹಾಕ್ಸ್ ಈ ಕಲೆಯಲ್ಲಿ ಪಂಡಿತರು. 16 ಪಂದ್ಯ, 7 ಗೆಲುವು, 9 ಸೋಲು. ಕೂದಲೆಳೆಯ ಸೋಲಂತೂ ಅಲ್ಲ, ಒಂಬತ್ತೂ ಸಲ 15 ಪಾಯಿಂಟ್ ಅಥವಾ ಇನ್ನೂ ಜಾಸ್ತಿ ಅಂತರ! ನ್ಯೂಯಾರ್ಕ್ ಜೈಂಟ್ಸ್ ಅವರನ್ನು 41-7ರಲ್ಲಿ ಚಚ್ಚಿತು, ಟ್ಯಾಂಪಾ ಬೇ 38-15ರಲ್ಲಿ. ಆ ಎರಡೂ ತಂಡ ತಲಾ 10 ಪಂದ್ಯ ಗೆದ್ದಿದ್ದವು. ಪ್ಲೇಆಫ್ ಶುರುವಾದಾಗ ಚಚ್ಚಿದವರು ಮನೆಯಲ್ಲಿ ಟಿವಿ ಮುಂದೆ, ಚಚ್ಚಿಸಿಕೊಂಡವರು ಮೈದಾನದಲ್ಲಿ.

ಹಿಂದಿನ ವರ್ಷದ ಚಾಂಪಿಯನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ 11 ಗೆದ್ದಿತ್ತು. ಆದರೆ ಅದರ ಡಿವಿಷನ್‌ನಲ್ಲಿ ಅಟ್ಲಾಂಟಾ ಇನ್ನೂ ಚೆನ್ನಾಗಿ ಆಡಿಬಿಟ್ಟಿತು. ಪಾಪ, ಸೇಂಟ್ಸ್ ಗಂಟುಮೂಟೆ ಕಟ್ಟಿಕೊಂಡು ಸಿಯಾಟಲ್‌ಗೇ ಹೋಗಬೇಕಾಯಿತು. ಹೋಗಿ, 41-36ರಲ್ಲಿ ಸೋತೂ ಬಂತು. ಸಿಯಾಟಲ್‌ನ ಮಾರ್ಷಾನ್ ಲಿಂಚ್ ಚೆಂಡು ಹಿಡಿದು 67 ಗಜ ಓಡಿ ಟಚ್‌ಡೌನ್ (ಎದುರಾಳಿಯ ತುದಿಗೆರೆ ದಾಟಿ ಪಾಯಿಂಟ್) ಮಾಡಿದಾಗ ಜನ ಕುಣಿದ ಅಬ್ಬರ ಹತ್ತಿರದ ಭೂಕಂಪಮಾಪಕದಲ್ಲೂ ದಾಖಲಾಯಿತು. ಭೂಮಿತಾಯಿಗೂ ನಗು ತಡೆಯಲಾಗಲಿಲ್ಲವೇನೋ.

ಅಲ್ಲ, ಈ ಅಕ್ಕಪಕ್ಕದವರನ್ನು ಗೊತ್ತು ಮಾಡಿದ್ದಾದರೂ ಯಾರು? 1970ರಲ್ಲಿ ಎನ್‌ಎಫ್‌ಸಿ (ಲೀಗಿನ ಎರಡು ದೊಡ್ಡ ಗುಂಪುಗಳಲ್ಲಿ ಒಂದು) ತಂಡಗಳ ಮಾಲೀಕರು ಯಾರ ಜೊತೆ ಯಾರಿರಬೇಕು ಅಂತ ಜಗಳಾಡಿ ಸುಸ್ತಾದರು. ಕೊನೆಗೆ ಐದು ಪಟ್ಟಿ ಬರೆದು ಹಾಕಿ, ಕಮಿಷನರ್ ಪೀಟ್ ರೋಜೆಲ್ ಅವರ ಸೆಕ್ರೆಟರಿ ಕೈಯಿಂದ ಚೀಟಿ ಎತ್ತಿಸಿದರು. ಕೋಟಿಗಟ್ಟಲೆ ಡಾಲರಿನ ಲೀಗು, ತೀರ್ಮಾನ ಮಾತ್ರ ಲಾಟರಿಯದು. ಆ ಚೀಟಿಯ ಕೃಪೆಯಿಂದ ದೇಶದ ಪೂರ್ವದಲ್ಲಿರುವ ಅಟ್ಲಾಂಟಾ 'ಪಶ್ಚಿಮ'ಕ್ಕೆ ಸೇರಿತು, ಟೆಕ್ಸಾಸಿನ ಡಲ್ಲಾಸ್ 'ಪೂರ್ವ'ಕ್ಕೆ. ಡಲ್ಲಾಸ್ ಇವತ್ತಿಗೂ ಅಲ್ಲೇ ಇದೆ. ಭೂಗೋಳದ ಮೇಷ್ಟ್ರು ಯಾರೂ ಮಾಲೀಕರಾಗಿರಲಿಲ್ಲ ಅಂತ ಕಾಣುತ್ತೆ.

ತವರಿನ ಪಂದ್ಯ ಹಂಚುವುದರಲ್ಲೂ ಇವರದು ಹಳೇ ಚಾಳಿ. 1972ರಲ್ಲಿ ಮಯಾಮಿ ಡಾಲ್ಫಿನ್ಸ್ 14ಕ್ಕೆ 14 ಗೆದ್ದಿತ್ತು. ಆದರೂ ಎಎಫ್‌ಸಿ (ಲೀಗಿನ ಇನ್ನೊಂದು ಗುಂಪು) ಫೈನಲ್ ಆಡಲು ಮೂರು ಸೋತಿದ್ದ ಪಿಟ್ಸ್‌ಬರ್ಗ್ ಊರಿಗೇ ಹೋಗಬೇಕಾಯಿತು. ಯಾಕೆಂದರೆ ಆಗ ಆತಿಥ್ಯ ಸರದಿ ಪ್ರಕಾರ ಹಂಚಿಕೆಯಾಗುತ್ತಿತ್ತು, ಗೆಲುವಿನ ಲೆಕ್ಕದಲ್ಲಲ್ಲ.

ಇನ್ನೊಂದು ಬಲಿಪಶು ಮಿನೆಸೋಟ ವೈಕಿಂಗ್ಸ್. 2024ರಲ್ಲಿ 14 ಗೆದ್ದರು. ಆದರೆ ಅದೇ ಡಿವಿಷನ್‌ನ ಡೆಟ್ರಾಯಿಟ್ ಲಯನ್ಸ್ 15 ಗೆದ್ದಿತ್ತು. ಹಾಗಾಗಿ 10 ಗೆದ್ದು ತಮ್ಮ ಡಿವಿಷನ್‌ನಲ್ಲಿ ಮೊದಲು ಬಂದ ಲಾಸ್ ಏಂಜಲೀಸ್ ರಾಮ್ಸ್ ಆತಿಥೇಯರು, 14 ಗೆದ್ದವರು ಅತಿಥಿಗಳು.

ಇದನ್ನು ಸರಿಮಾಡಿ, ಗೆಲುವಿನ ಲೆಕ್ಕದಲ್ಲೇ ಸ್ಥಾನ ಕೊಡಿ ಅಂತ ಆಮೇಲೆ ಕೇಳಿದ್ದು ಲಾಭ ಪಡೆದ ಲಯನ್ಸೇ! ಆದರೆ ಪ್ರಸ್ತಾವ ಪಾಸಾಗಲು 32 ಮಾಲೀಕರಲ್ಲಿ 24 ವೋಟು ಬೇಕು. 2025ರ ಮೇನಲ್ಲಿ ಸದ್ದಿಲ್ಲದೆ ವಾಪಸ್ ತೆಗೆದುಕೊಂಡರು. 2022ರ ಟ್ಯಾಂಪಾ ಬೇ ಹಾಗೆ 8 ಗೆದ್ದು, 9 ಸೋತು, ತವರಿನಲ್ಲಿ ಪ್ಲೇಆಫ್ ಆಡುವ ಭಾಗ್ಯ ಯಾರಿಗೆ ತಾನೇ ಬೇಡ ಹೇಳಿ?