ಸೆಲ್ಫ್ ಇಂಟ್ರೋ ಬಾಯಿಪಾಠ ಮಾಡೋದು ಬಿಡಿ, ಹಾಲಿನ ಡೈರಿ ವಿಷಯ ಹೇಳಿ

ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತು ಅಭ್ಯಾಸ ಇರುವವರಿಗೆಲ್ಲ ಇದು ಗೊತ್ತು. ಫ್ರೆಶರ್‌ಗಳ ಸೆಲ್ಫ್ ಇಂಟ್ರೋ ಎಲ್ಲರದ್ದೂ ಒಂದೇ. ಹೆಸರು, ಊರು, ಅಪ್ಪ ಅಮ್ಮ ಏನು ಮಾಡುತ್ತಾರೆ, ಎಸ್‌ಎಸ್‌ಎಲ್‌ಸಿ ಪರ್ಸೆಂಟೇಜ್, ಪಿಯುಸಿ ಪರ್ಸೆಂಟೇಜ್, ಆಮೇಲೆ ‘ಹಾರ್ಡ್ ವರ್ಕಿಂಗ್, ಕ್ವಿಕ್ ಲರ್ನರ್, ಪಾಸಿಟಿವ್ ಆಟಿಟ್ಯೂಡ್’. ಕೊನೆಗೆ ‘ದಟ್ಸ್ ಆಲ್ ಅಬೌಟ್ ಮಿ ಸರ್’. ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ದುಡ್ಡು ಕಟ್ಟಿ ಕೋರ್ಸ್ ಮಾಡಿದವರೂ ಇದನ್ನೇ ಹೇಳುತ್ತಾರೆ, ಊರಲ್ಲೇ ಕೂತು ಯೂಟ್ಯೂಬ್ ನೋಡಿದವರೂ ಇದನ್ನೇ ಹೇಳುತ್ತಾರೆ. ಚಾಟ್‌ಜಿಪಿಟಿ ಬಂದ ಮೇಲೆ ‘ಪ್ಯಾಷನೇಟ್’ ಅನ್ನುವ ಪದ ಒಂದು ಜಾಸ್ತಿ ಆಗಿದೆ, ಅಷ್ಟೇ.

ನಾನು ಬೆಂಗಳೂರಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ಟೀಮ್, ಅಂದರೆ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಟೀಮ್, ನೋಡಿಕೊಳ್ಳುತ್ತೇನೆ. ನಮ್ಮ ಟೀಮ್‌ಗೆ ಜನ ಬೇಕಾದಾಗ ಮೊದಲನೇ ಟೆಕ್ನಿಕಲ್ ರೌಂಡ್ ನನ್ನ ತಲೆಗೇ ಬರುತ್ತದೆ. ಊರ ಕಡೆಯಿಂದ, ಅದರಲ್ಲೂ ಕನ್ನಡ ಮೀಡಿಯಂನಲ್ಲಿ ಓದಿ ಬಂದ ಮಕ್ಕಳು ಎದುರಿಗೆ ಕೂತಾಗ ನನಗೆ ಸಂಕಟ ಆಗುತ್ತದೆ. ಅವರ ಇಂಗ್ಲಿಷ್ ತಡವರಿಸುತ್ತದೆ ಅಂತ ಅಲ್ಲ. ಹೇಳಿಕೊಳ್ಳುವಂಥ ಒಳ್ಳೇ ಸರಕು ಅವರ ಹತ್ತಿರ ಇರುತ್ತದೆ. ಅದನ್ನು ಮನೇಲಿ ಬಿಟ್ಟು, ಯಾರದ್ದೋ ಬಾಡಿಗೆ ಮಾತು ತಂದು ಒಪ್ಪಿಸುತ್ತಾರಲ್ಲ, ಅದಕ್ಕೆ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಲ್ಲಲ್ಲಿ ಬದಲಿಸಿದ್ದೇನೆ. ಚನ್ನರಾಯಪಟ್ಟಣದ ಕಡೆಯ ಹುಡುಗಿ, ಸರ್ಕಾರಿ ಕಾಲೇಜಿನಲ್ಲಿ ಬಿಸಿಎ. ‘ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಅಂದ್ರೇನು?’ ಅಂತ ಕೇಳಿದೆ. ಪುಸ್ತಕದಲ್ಲಿ ಇದ್ದ ಹಾಗೆ ಒಂದೇ ಉಸಿರಲ್ಲಿ ಹೇಳಿದರು. ‘ಒಂದು ಉದಾಹರಣೆ ಕೊಡಿ’ ಅಂದೆ. ಮೌನ. ಇನ್ನೂ ಒಂದೆರಡು ಪ್ರಶ್ನೆಗೂ ಅದೇ ಕತೆ. ರೆಸ್ಯೂಮ್‌ನಲ್ಲಿ ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಖಾಲಿ ಕಂಡಿತು. ಕನ್ನಡದಲ್ಲೇ ಕೇಳಿದೆ, ‘ಆ ವರ್ಷ ಏನ್ ಮಾಡ್ತಿದ್ರಿ?’

‘ಮನೇಲಿದ್ದೆ ಸರ್.’

‘ಸುಮ್ನೆ ಇದ್ರಾ?’

‘ಇಲ್ಲ ಸರ್... ನಮ್ಮೂರ ಡೈರೀಲಿ ಕಂಪ್ಯೂಟರ್ ಎಂಟ್ರಿ ಮಾಡ್ತಿದ್ದೆ.’ ಏನೋ ಕಳ್ಳತನ ಒಪ್ಪಿಕೊಂಡವರ ಹಾಗೆ ಹೇಳಿದರು.

ಹಳ್ಳಿ ಡೈರಿ ಗೊತ್ತಿಲ್ಲದವರಿಗೆ ಎರಡು ಮಾತು. ಹಾಲು ಉತ್ಪಾದಕರ ಸಂಘಕ್ಕೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಜನ ಹಾಲು ತಂದು ಹಾಕುತ್ತಾರೆ. ಪ್ರತಿಯೊಬ್ಬರ ಹಾಲಿನದೂ ಒಂದು ಸ್ಯಾಂಪಲ್ ಮೆಷಿನ್‌ಗೆ ಹೋಗುತ್ತದೆ. ನೂರಕ್ಕೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ತೋರಿಸುತ್ತದೆ. ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇರಬೇಕು ಅನ್ನುವುದು ಲೆಕ್ಕ. ರೈತರಿಗೆ ಬರುವ ದುಡ್ಡು ಆ ರೀಡಿಂಗ್ ಮೇಲೆ ನಿಂತಿದೆ. ಹಾಗಾಗಿ ಒಂದು ಪಾಯಿಂಟ್ ಆಚೀಚೆ ಆದರೂ ಡೈರಿ ಮುಂದೆ ಜಗಳ.

‘ರೀಡಿಂಗ್ ಸರಿ ಇದೆ ಅಂತ ಹೇಗೆ ಗೊತ್ತಾಗ್ತಿತ್ತು?’ ಅಂದೆ.

‘ಮೆಷಿನ್ ತೊಳೆದ ಮೇಲೆ ಮೊದಲನೇದು ಕಮ್ಮಿ ತೋರಿಸುತ್ತೆ ಸರ್, ಒಳಗೆ ನೀರು ಉಳಿದಿರುತ್ತಲ್ಲ. ಅದಕ್ಕೇ ಮೊದಲು ನಮ್ಮನೆ ಹಾಲೇ ಹಾಕಿ ನೋಡ್ತಿದ್ದೆ. ಅದು ಸರಿಯಾಗಿ ಬಂದ್ಮೇಲೆ ಬೇರೆಯವರದ್ದು. ಆಮೇಲೆ ಹೆಸರು ಕೇಳಿ ಎಂಟ್ರಿ ಮಾಡ್ತಿರಲಿಲ್ಲ ಸರ್, ನಂಬರೇ ಕೇಳ್ತಿದ್ದೆ. ಲಕ್ಷ್ಮಮ್ಮ ಅಂತಾನೇ ಮೂರು ಜನ ಇದ್ದಾರೆ.’

‘ಫ್ಯಾಟ್ 3.4 ಬಂದ್ರೆ? ಸರಿಯಾಗಿ 3.5 ಬಂದ್ರೆ? 3.6 ಬಂದ್ರೆ?’

ಮೂರಕ್ಕೂ ರೇಟ್ ಏನಾಗುತ್ತದೆ, ಕಂಪ್ಯೂಟರ್ ಏನು ತೋರಿಸುತ್ತದೆ, ಎಲ್ಲಿ ಜನ ತಕರಾರು ತೆಗೆಯುತ್ತಾರೆ ಅಂತ ಪಟಪಟ ಹೇಳಿದರು. ಐದು ನಿಮಿಷದ ಹಿಂದೆ ಉದಾಹರಣೆ ಹೊಳೆಯದೇ ಇದ್ದ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಅಂದರೆ ಅದೇ! ಗಡಿಯ ಮೇಲೆ, ಗಡಿಗಿಂತ ಒಂಚೂರು ಕೆಳಗೆ, ಒಂಚೂರು ಮೇಲೆ ಹಾಕಿ ನೋಡುವುದು. ಮೆಷಿನ್ನನ್ನು ನಂಬುವ ಮೊದಲು ಅದನ್ನೇ ಪರೀಕ್ಷೆ ಮಾಡುವ ಬುದ್ಧಿ ಆಕೆಗೆ ಆಗಲೇ ಇತ್ತು. ಆ ಬುದ್ಧಿ ಇರುವವರು ಸಿಗಲಿ ಅಂತಲೇ ನಾವು ಹುಡುಕುವುದು. ಆಕೆ ಸೆಲೆಕ್ಟ್ ಆದರು. ರೆಸ್ಯೂಮ್‌ನಲ್ಲಿ ಮಾತ್ರ ಡೈರಿ ಬಗ್ಗೆ ಒಂದಕ್ಷರ ಇರಲಿಲ್ಲ. ಬದಲಿಗೆ ಹಾಬೀಸ್ ಅಂತ ‘ಲಿಸನಿಂಗ್ ಟು ಮ್ಯೂಸಿಕ್’ ಇತ್ತು.

ಯಾಕೆ ಬರೆಯಲಿಲ್ಲ ಅಂತ ಕೇಳಿದ್ದಕ್ಕೆ, ‘ಅದನ್ನೆಲ್ಲ ಹಾಕಬಾರದು, ಚೀಪ್ ಅನ್ಸುತ್ತೆ ಅಂದ್ರು ಸರ್’ ಎಂದರು. ಯಾರು ಅಂದರು ಅಂತ ನಾನು ಕೇಳಲಿಲ್ಲ. ಗೊತ್ತಿರುವುದೇ.

ಅಪ್ಪನ ದಿನಸಿ ಅಂಗಡಿಯಲ್ಲಿ ಕೂತು ಸಾಲದ ಲೆಕ್ಕ ಬರೆದವರು, ಎಪಿಎಂಸಿಯಲ್ಲಿ ಅಡಿಕೆ ತೂಕ ಹಾಕಿಸಿದವರು, ಸೈಬರ್ ಸೆಂಟರ್‌ನಲ್ಲಿ ಊರವರ ಅರ್ಜಿಯೆಲ್ಲ ತುಂಬಿಕೊಟ್ಟವರು, ಅಕ್ಕನ ಮದುವೆಯ ಕ್ಯಾಟರಿಂಗ್‌ನವರ ಹತ್ತಿರ ಚೌಕಾಸಿ ಮಾಡಿದವರು ನಮ್ಮ ಮುಂದೆ ಬಂದು ‘ಮೈ ಸ್ಟ್ರೆಂತ್ ಈಸ್ ಟೀಮ್ ವರ್ಕ್’ ಅಂತಾರೆ. ಸಿಟಿಯ ಮಕ್ಕಳು ಕಾಲೇಜ್ ಫೆಸ್ಟ್‌ನಲ್ಲಿ ಕುರ್ಚಿ ಜೋಡಿಸಿದ್ದನ್ನೂ ‘ಈವೆಂಟ್ ಮ್ಯಾನೇಜ್‌ಮೆಂಟ್’ ಅಂತ ಧೈರ್ಯವಾಗಿ ಬರೆಯುತ್ತಾರೆ ನೋಡಿ!

ನನ್ನ ಲೆಕ್ಕದಲ್ಲಿ ತಯಾರಿ ಅಂದರೆ ಇಷ್ಟೇ. ರೆಸ್ಯೂಮ್‌ನ ಪ್ರತಿ ಸಾಲಿನ ಕೆಳಗೆ ‘ಹೇಗೆ?’ ಮತ್ತು ‘ಯಾಕೆ?’ ಅಂತ ಬರೆದುಕೊಳ್ಳಿ. ಉತ್ತರ ಇಲ್ಲದ ಸಾಲನ್ನು ಕಿತ್ತು ಹಾಕಿ. ಮೊದಲು ಹೋಗುವುದು ಫೈನಲ್ ಇಯರ್ ಪ್ರಾಜೆಕ್ಟ್ ಇರಬಹುದು. ರೆಡಿಮೇಡ್ ಪ್ರಾಜೆಕ್ಟ್ ದುಡ್ಡಿಗೆ ಸಿಗುತ್ತದೆ ಅಂತ ನಮಗೂ ಗೊತ್ತು. ‘ಇದರಲ್ಲಿ ನಿಮ್ಮ ಕೈಯಿಂದ ಆದದ್ದು ಯಾವುದು?’ ಅಂದ ತಕ್ಷಣ ಗೊತ್ತಾಗಿಬಿಡುತ್ತದೆ. ಕೊಂಡ ದೊಡ್ಡ ಪ್ರಾಜೆಕ್ಟ್‌ಗಿಂತ ನೀವೇ ಒದ್ದಾಡಿ ಮಾಡಿದ ಸಣ್ಣ ಎಕ್ಸೆಲ್ ಶೀಟ್ ಮೇಲು. ಪರಿಸ್ಥಿತಿ ಏನಿತ್ತು, ನಿಮ್ಮ ತಲೆ ಮೇಲೆ ಏನು ಬಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು, ಇಷ್ಟು ಹೇಳಿದರೆ ಸಾಕು. ಇದಕ್ಕೇ ಸ್ಟಾರ್ ಮೆಥಡ್ ಅಂತ ಹೆಸರು. ಹೀಗೆ ಉತ್ತರ ಕೊಡಿ ಅಂತ ಅಮೆಜಾನ್‌ನವರು ತಮ್ಮ ವೆಬ್‌ಸೈಟ್‌ನಲ್ಲೇ ಬಹಿರಂಗವಾಗಿ ಹೇಳಿದ್ದಾರೆ. ಗುಟ್ಟೇನಿಲ್ಲ, ಇದಕ್ಕೆ ಸಾವಿರಾರು ರೂಪಾಯಿ ಫೀಸ್ ಕಟ್ಟಬೇಡಿ.

ಈ ಕತೆಯನ್ನು ಮೊದಲು ಕನ್ನಡದಲ್ಲಿ ಫ್ರೆಂಡ್‌ಗೆ ಹೇಳಿ. ಅವರು ನಡುವೆ ಕೇಳುವ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಅದನ್ನೇ ಸಣ್ಣ ಸಣ್ಣ ವಾಕ್ಯದಲ್ಲಿ ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ಇಂಗ್ಲಿಷ್ ಬೇಡ ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಕ್ಲೈಂಟ್ ಕಾಲ್‌ಗೆ ಕೂರಬೇಕು, ಮೇಲ್ ಬರೆಯಬೇಕು. ಉಚ್ಚಾರ ಹಿಡಿದುಕೊಂಡು ರಿಜೆಕ್ಟ್ ಮಾಡುವ ಮಹಾನುಭಾವರೂ ಇದ್ದಾರೆ. ಆದರೆ ‘ಹಿ ಡೋಂಟ್’ ಅಂದರೂ ವಿಷಯ ಅರ್ಥವಾದರೆ ಹೆಚ್ಚಿನವರು ಮುಂದಕ್ಕೆ ಹೋಗುತ್ತಾರೆ. ಪ್ರಶ್ನೆ ಅರ್ಥ ಆಗದಿದ್ದರೆ ಇನ್ನೊಂದು ಸಲ ಕೇಳಿ. ಅರ್ಥ ಆಗದೆ ಬೇರೇನೋ ಉತ್ತರ ಕೊಡುವುದಕ್ಕಿಂತ ಅದು ಎಷ್ಟೋ ವಾಸಿ.

ಇನ್ನು ನಮ್ಮ ಕಡೆಯವರ ಬಗ್ಗೆ, ಅಂದರೆ ಇಂಟರ್‌ವ್ಯೂ ಮಾಡುವವರ ಬಗ್ಗೆ. ನಾವೇನು ಅಂತರ್ಯಾಮಿಗಳಲ್ಲ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 1998ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಎಲ್ಲರಿಗೂ ಒಂದೇ ಪ್ರಶ್ನೆ ಇಟ್ಟುಕೊಂಡು ನಡೆಸುವ ಇಂಟರ್‌ವ್ಯೂಗಿಂತ, ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂ ಒಳ್ಳೇ ಕೆಲಸಗಾರರನ್ನು ಗುರುತಿಸುವುದರಲ್ಲಿ ಹಿಂದೆ ಅಂತ ಅದರಲ್ಲಿ ತೋರಿಸಿದ್ದಾರೆ. ನಮ್ಮ ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಖಾಸಗಿಯಲ್ಲಿ ಅದು ಆಗುವ ಮಾತಲ್ಲ ಬಿಡಿ. ಇಲ್ಲಿ ಇನ್ನೂ ‘ಮದುವೆ ಯಾವಾಗ ಮಾಡ್ಕೊಳ್ತೀರಾ?’ ಅಂತ ಹೆಣ್ಣುಮಕ್ಕಳನ್ನು ಕೇಳುವವರು ಇದ್ದಾರೆ, ಕೇಳಿ ಅದನ್ನು ಎಚ್‌ಆರ್ ಕೌಶಲ ಅಂದುಕೊಂಡಿರುತ್ತಾರೆ. ಅದಕ್ಕೇ ರಿಜೆಕ್ಟ್ ಆಯಿತು ಅಂದ ಕೂಡಲೇ ನಿಮ್ಮ ಯೋಗ್ಯತೆ ಇಷ್ಟೇ ಅಂತ ಬರೆದುಕೊಳ್ಳಬೇಡಿ. ಎಷ್ಟೋ ಸಲ ಆ ಹುದ್ದೆಯೇ ಹೋಲ್ಡ್ ಆಗಿರುತ್ತದೆ. ನಾನು ಓಕೆ ಅಂದವರಿಗೂ ಹೀಗೆ ಆಫರ್ ಹೋಗದೆ ಉಳಿದದ್ದಿದೆ.

ಕೆಲಸ ಹುಡುಕುವಾಗಲೂ ಇದೇ ಬಾಡಿಗೆ ಮಾತಿನ ಕಾಟ. ‘ಹಾಯ್ ಸರ್, ಎನಿ ಓಪನಿಂಗ್ಸ್?’ ನನ್ನ ಇನ್‌ಬಾಕ್ಸ್ ತುಂಬ ಇದೇ. ಇದಕ್ಕೆ ನಾನು ಏನು ಮಾಡಲಿ ಹೇಳಿ? ಯಾವ ಕೆಲಸ, ನೀವು ಯಾರು, ಏನು ಬರುತ್ತದೆ, ಒಂದೂ ಗೊತ್ತಿಲ್ಲ. ಕಂಪನಿಯ ಕರಿಯರ್ಸ್ ಪೇಜ್ ತೆಗೆದು, ನಿಮಗೆ ಹೊಂದುವ ಒಂದು ಕೆಲಸ ಹುಡುಕಿ, ಅದರ ಜಾಬ್ ಐಡಿ ಕಳಿಸಿ. ಈ ಕೆಲಸಕ್ಕೆ ನಾನು ಯಾಕೆ ಸರಿ ಅಂತ ಮೂರು ಸಾಲು ಬರೆಯಿರಿ. ಪಿಡಿಎಫ್ ಜೋಡಿಸಿ, ಫೋನ್ ನಂಬರ್ ಹಾಕಿ. ಅಷ್ಟು ಇದ್ದರೆ ರೆಫರಲ್ ಹಾಕಲು ನನಗೆ ಎರಡು ನಿಮಿಷ ಸಾಕು. ರೆಫರಲ್ ಅಂದರೆ ಶಿಫಾರಸು ಪತ್ರ ಅಲ್ಲ, ಕೆಲಸ ಗ್ಯಾರಂಟಿ ಅಲ್ಲ. ರೆಸ್ಯೂಮ್‌ಗಳ ರಾಶಿಯಲ್ಲಿ ನಿಮ್ಮದನ್ನು ಯಾರಾದರೂ ತೆಗೆದು ನೋಡುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ.

ಬಾಡಿಗೆಯ ತುತ್ತತುದಿ ಅಂದರೆ ಫೇಕ್ ಎಕ್ಸ್‌ಪೀರಿಯನ್ಸ್. ‘ಎರಡು ವರ್ಷ ಹಾಕಿಸಿಕೊಡ್ತೀವಿ, ಪೇ ಸ್ಲಿಪ್ಪೂ ಕೊಡ್ತೀವಿ’ ಅನ್ನುವವರು ಇದ್ದಾರೆ. ಪಿಜಿ ಬಾಡಿಗೆ ಕಟ್ಟಲಾಗದೆ, ಊರಿಗೆ ವಾಪಸ್ ಹೋಗಲಾಗದೆ ಕೂತಿರುವ ಹುಡುಗರಿಗೆ ಆಸೆ ಆಗುವುದು ಸಹಜ, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಈಗ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಯುಎಎನ್, ಅಂದರೆ ನಿಮ್ಮ ಪಿಎಫ್ ನಂಬರ್, ಕೇಳುತ್ತಾರೆ. ಪಿಎಫ್ ಸರ್ವಿಸ್ ಹಿಸ್ಟರಿಯಲ್ಲಿ ನೀವು ಯಾವ ಕಂಪನಿಗೆ ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಎಲ್ಲ ಇರುತ್ತದೆ. ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ತಾಳೆ ಆಗದಿದ್ದರೆ ಕೆಲಸಕ್ಕೆ ಸೇರಿದ ಮೇಲೂ ಮನೆಗೆ ಕಳಿಸುತ್ತಾರೆ. ಆಮೇಲೆ ನಿಜವಾಗಿ ಮಾಡಿದ ಕೆಲಸವನ್ನೂ ಯಾರೂ ನಂಬುವುದಿಲ್ಲ. ಇನ್ನು ‘ಡೆಪಾಸಿಟ್ ಕಟ್ಟಿ, ಸೋಮವಾರ ಆಫರ್ ಲೆಟರ್’ ಅನ್ನುವ ಕನ್ಸಲ್ಟೆನ್ಸಿಗಳಿಗೆ ಒಂದು ರೂಪಾಯಿ ಕೊಡಬೇಡಿ. ಲೋಗೋ ಅಂಟಿಸಿದ ಲೆಟರ್ ಯಾರು ಬೇಕಾದರೂ ಮಾಡಬಹುದು, ಮೇಲ್ ಯಾವ ಐಡಿಯಿಂದ ಬಂದಿದೆ ಅಂತ ನೋಡಿ.

ಸಂಬಳದ ಮಾತಿಗೆ ಬಂದಾಗ ನಮ್ಮವರಿಗೆ ಎಲ್ಲಿಲ್ಲದ ನಾಚಿಕೆ. 3.6 ಲಕ್ಷ ಸಿಟಿಸಿ (ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದ ಕೂಡಲೇ ಮನಸ್ಸಲ್ಲೇ 12ರಿಂದ ಭಾಗಿಸಿ, ತಿಂಗಳಿಗೆ 30 ಸಾವಿರ ಅಂತ ಅಮ್ಮನಿಗೆ ಫೋನ್ ಮಾಡಿಬಿಡುತ್ತಾರೆ. ಸ್ವಲ್ಪ ತಡೀರಿ. ಬೇಸಿಕ್ 15 ಸಾವಿರ ಅಂತ ಇಟ್ಟುಕೊಂಡರೆ ಕಂಪನಿಯ ಪಾಲಿನ ಪಿಎಫ್ 1,800 ಅದರಲ್ಲೇ ಸೇರಿರುತ್ತದೆ, ಗ್ರಾಚ್ಯುಟಿಗೆ ಸುಮಾರು 720 ಹೋಗುತ್ತದೆ. ನೂರಕ್ಕೆ ಹತ್ತು ವೇರಿಯಬಲ್ (ಕೆಲಸ ನೋಡಿ ಆಮೇಲೆ ಕೊಡುವ ಭಾಗ) ಅಂದರೆ ಇನ್ನೊಂದು 3 ಸಾವಿರ. ಆಮೇಲೆ ನಿಮ್ಮ ಪಾಲಿನ ಪಿಎಫ್ ಮತ್ತೆ 1,800. ಕೈಗೆ ಬರುವುದು 22-23 ಸಾವಿರ. ‘ಟೇಕ್ ಹೋಮ್ ಎಷ್ಟು, ಬಾಂಡ್ ಇದೆಯಾ, ಇದ್ದರೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು’ ಅಂತ ಸಹಿ ಹಾಕುವ ಮೊದಲೇ ಕೇಳಿ. ಕೇಳಿದ್ದಕ್ಕೆ ಆಫರ್ ವಾಪಸ್ ತಗೊಳ್ಳುವ ಕಂಪನಿ ಇದ್ದರೆ, ಅಲ್ಲಿಗೆ ಸೇರದೇ ಇದ್ದದ್ದೇ ಒಳ್ಳೇದಾಯಿತು ಅಂದುಕೊಳ್ಳಿ.

ಟೆಸ್ಟಿಂಗ್ ಕಡೆ ಬರಬೇಕು ಅಂತ ಇರುವವರು ಯಾರಾದರೂ ಇದ್ದರೆ ಭಾನುವಾರ ಸಂಜೆ ಒಂದು ಮಾಕ್ ಇಂಟರ್‌ವ್ಯೂ ಮಾಡೋಣ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ದುಡ್ಡುಗಿಡ್ಡು ಏನಿಲ್ಲ. ಕಾಮೆಂಟ್‌ನಲ್ಲಿ ನಂಬರ್ ಹಾಕಬೇಡಿ, ಮೆಸೇಜ್ ಮಾಡಿ. ರೆಸ್ಯೂಮ್ ಜೊತೆಗೆ, ಡಿಗ್ರಿ ಓದುವಾಗ ಅಥವಾ ಮುಗಿದ ಮೇಲೆ ಮನೆಯಲ್ಲಿ, ಅಂಗಡಿಯಲ್ಲಿ, ಹೊಲದಲ್ಲಿ ಏನೇನು ಮಾಡಿದಿರಿ ಅಂತ ಕನ್ನಡದಲ್ಲೇ ಹತ್ತು ಸಾಲು ಬರೆದು ಕಳಿಸಿ. ನಾನು ಮೊದಲು ಓದುವುದು ಅದನ್ನೇ.